ಅಮ್ಮನ ಕಾಯಿಲೆ ಆಟೋದವರಿಗೆ ಗೊತ್ತಿತ್ತು

ಆಸ್ಪತ್ರೆಯ ಮುಖ್ಯಾಧಿಕಾರಿಗಳೇ,

ನನ್ನ ಅಮ್ಮನ ಎದೆಯಲ್ಲಿ ಗಡ್ಡೆಯಿದೆ, ಬೇಗ ಆಪರೇಷನ್ ಆಗಬೇಕು ಎಂಬುದನ್ನು ನಿಮ್ಮ ವೈದ್ಯರು ಅಮ್ಮನಿಗೆ ಹೇಳಲಿಲ್ಲ. ಮಗಳಾದ ನನಗೂ ಹೇಳಲಿಲ್ಲ. ನಮ್ಮನ್ನು ಕರೆತಂದಿದ್ದ ಆಟೋ ಚಾಲಕರಿಗೆ ಹೇಳಿದರು. ನಮ್ಮ ಜೊತೆ ನಿಂತಿದ್ದ ಗಂಡಸು ಅವರೊಬ್ಬರೇ ಆಗಿದ್ದರು.

ನಾನು ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು. ಒಂದು ಕಡೆ ಕೂರುವ ಜಾಯಮಾನ ನನ್ನದಲ್ಲ. ಚಪ್ಪಲಿ ಅಂಗಡಿ, ಝೆರಾಕ್ಸ್ ಅಂಗಡಿ ಎಂದು ಸುತ್ತಿ ಈಗ ಮೊಬೈಲ್ ರಿಪೇರಿ ಮಾಡುತ್ತೇನೆ. ಸ್ಕ್ರೂಡ್ರೈವರ್ ಹಿಡಿದು ಕೂತ ನನ್ನನ್ನೇ ಜನ "ರಿಪೇರಿ ಮಾಡೋರು ಎಲ್ಲಮ್ಮ?" ಎಂದು ಕೇಳುತ್ತಾರೆ. "ಊಟಕ್ಕೆ ಹೋಗಿದಾರೆ, ಅಲ್ಲೀವರೆಗೆ ನಾನೇ ಮಾಡ್ಲಾ?" ಎನ್ನುತ್ತೇನೆ. ಅದು ನಕ್ಕು ಬಿಡುವ ವಿಷಯ. ಫೋನ್ ಹಾಳಾದರೆ ಇನ್ನೊಂದು ಸಿಗುತ್ತದೆ.

ನಿಮ್ಮ ಹೊಸ ಕಟ್ಟಡ ಚೆನ್ನಾಗಿದೆ. ಗಾಜಿನ ಬಾಗಿಲು ಮುಟ್ಟದೆಯೇ ತೆರೆದುಕೊಳ್ಳುತ್ತದೆ. ದೇಶ ಎಷ್ಟು ಮುಂದೆ ಬಂದಿದೆ ಎಂದು ಗೋಡೆಯ ಟೀವಿ ದಿನವಿಡೀ ಹೇಳುತ್ತದೆ. ಬೇಸಿಗೆಯ ಆರಂಭದಲ್ಲಿ ಅಮ್ಮನ ಪರೀಕ್ಷೆ ಮುಗಿಸಿ ಅದರ ಕೆಳಗಿನ ಬೆಂಚಿನಲ್ಲೇ ನಾವು ಕೂತಿದ್ದೆವು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ವೈದ್ಯರು ಕೋಣೆಯಿಂದ ಇಣುಕಿ, "ಗಂಡಸರು ಯಾರೂ ಬಂದಿಲ್ವಾ?" ಎಂದರು.

"ನಾನಿದೀನಿ ಸಾರ್, ಮಗಳು."

"ನೀನು ಅಮ್ಮನ ಹತ್ರ ಕೂತ್ಕೋಮ್ಮ" ಎಂದವರು, ಅಮ್ಮನ ಚೀಲ ಹಿಡಿದು ನಿಂತಿದ್ದ ಚಾಲಕರನ್ನು ಒಳಗೆ ಕರೆದರು.

"ಏನಂದ್ರು ಅಣ್ಣಾ?" ಎಂದು ದಾರಿಯಲ್ಲಿ ಕೇಳಿದೆ. "ಏನಿಲ್ಲ ತಂಗಿ, ಮಾತ್ರೆ ಬರ್ದಿದಾರೆ." ಇಳಿಸಿದ ಮೇಲೆ ಬಾಡಿಗೆ ಬೇಡವೇ ಬೇಡ ಎಂದರು. "ಎಂಥಾ ಒಳ್ಳೆ ಮನುಷ್ಯ ನೋಡೇ" ಎಂದಳು ಅಮ್ಮ.

ಬೇಸಿಗೆ ಕಳೆದ ಮೇಲೆ ಅವರು ಒಡೆದ ಫೋನ್ ಹಿಡಿದು ನಮ್ಮ ಅಂಗಡಿಗೆ ಬಂದರು.

"ಅಮ್ಮನ ಆಪರೇಷನ್ ಚೆನ್ನಾಗಾಯ್ತಾ ತಂಗಿ?"

"ಯಾವ ಆಪರೇಷನ್ ಅಣ್ಣಾ?"

ಅವರು ಫೋನನ್ನು ಮೇಜಿನ ಮೇಲಿಟ್ಟರು. "ನಾನು ಆಟೋದವನು ಅಂತ ಡಾಕ್ಟ್ರಿಗೆ ಹೇಳ್ದೆ. ಪರವಾಗಿಲ್ಲ, ಹೆಂಗಸ್ರು ಗಾಬರಿ ಆಗ್ತಾರೆ, ಮನೆ ದೊಡ್ಡೋರಿಗೆ ಹೇಳಿ ಅಂದ್ರು. ನಿಮ್ಮನೆ ಬಾಗಿಲಲ್ಲಿ ನೋಡ್ದೆ, ಯಾರೂ ಇರ್ಲಿಲ್ಲ. ಆಸ್ಪತ್ರೆಯೋರೇ ತಿಳಿಸ್ತಾರೆ ಅಂದ್ಕೊಂಡೆ..."

ಆ ಸಂಜೆ ಅಮ್ಮನಿಗೆ ಎಲ್ಲ ಹೇಳಿದೆ. ಗಾಬರಿಯಾಗಲಿಲ್ಲ. ಒಲೆ ಆರಿಸಿ ಬಂದು ಕೂತು, "ನನ್ನ ಮೈ ವಿಷಯ ನಂಗೇ ಹೇಳಿದ್ರೆ ಏನಾಗ್ತಿತ್ತೇ?" ಎಂದಳು. ಇದಕ್ಕೆ ಉತ್ತರ ನಿಮ್ಮಲ್ಲಿದೆಯೇ?

ಮರುದಿನವೇ ಕರೆತಂದು ತೋರಿಸಿದೆ. ಗಡ್ಡೆ ಕಂಕುಳಿಗೂ ಹಬ್ಬಿದೆಯಂತೆ. ಮುಂದೆಲ್ಲಿಗೆ ಹೋಗಿದೆ ಎಂಬುದು ಸೋಮವಾರ ಗೊತ್ತಾಗುತ್ತದೆ. ದೂರು ಕೊಡಲು ನಿಮ್ಮ ಕಚೇರಿಗೂ ಬಂದಿದ್ದೆ. ಅಲ್ಲಿನ ಗುಮಾಸ್ತರು, "ಮನೆಯಿಂದ ಯಾರನ್ನಾದ್ರೂ ಕರ್ಕೊಂಡ್ ಬಾಮ್ಮ" ಎಂದರು. ಹಾಗಾಗಿ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ಒಂದು ಮಾತು ಸುಳ್ಳಿಲ್ಲದೆ ಹೇಳಬೇಕು. ಇಲ್ಲಿ ಕೆಟ್ಟವರು ಯಾರೂ ಇಲ್ಲ. ವೈದ್ಯರು ಮೆಲ್ಲಗೆ, ಕನಿಕರದಿಂದಲೇ ಮಾತಾಡಿದರು. ಚಾಲಕರು ಹೆಂಗಸರಿಗೆ ಹೇಳುವುದಿಲ್ಲವೆಂದು ಅವರಿಗೆ ಕೊಟ್ಟ ಮಾತು ಉಳಿಸಿಕೊಂಡರು. ಒಬ್ಬರಾದರೂ ಕೆಟ್ಟವರಾಗಿದ್ದರೆ ಅವರ ಮೇಲೆ ಸಿಟ್ಟು ಮಾಡಿಕೊಂಡು ಹಗುರಾಗುತ್ತಿದ್ದೆ. ಗಂಡನನ್ನು ಕಳೆದುಕೊಂಡು, ಮನೆ ನಡೆಸಿ, ಮಗಳನ್ನು ಸಾಕಿದ ಹೆಂಗಸಿಗೆ ಒಂದು ಕೆಟ್ಟ ಸುದ್ದಿ ಕೇಳುವ ಶಕ್ತಿಯಿಲ್ಲ ಎಂದು ಇಷ್ಟೊಂದು ಒಳ್ಳೆಯವರು ಸೇರಿ ತೀರ್ಮಾನಿಸಿದಿರಲ್ಲ, ಆ ದುಃಖವನ್ನು ಯಾರ ಮೇಲೆ ಹಾಕಲಿ? ಕಟ್ಟಡ ಬದಲಿಸಲು ನಿಮಗೆ ಒಂದು ವರ್ಷ ಸಾಕಾಯಿತು. ಈ ಯೋಚನೆ ಬದಲಾಗುವವರೆಗೆ ಕಾಯಲು ಅಮ್ಮನಿಗೆ ಸಮಯವಿಲ್ಲ.

ಸೋಮವಾರ ನಮ್ಮನ್ನು ಕರೆತರುವವರು ಅದೇ ಚಾಲಕರು. ಈ ಸಲ ಒಳಗೆ ಕಾಲಿಡುವುದಿಲ್ಲ ಎಂದಿದ್ದಾರೆ. ಬೇಕಿದ್ದರೆ ನಾನೂ ಹೊರಗೇ ಇರುತ್ತೇನೆ. ನಿಮ್ಮ ವೈದ್ಯರು ಅಮ್ಮನನ್ನು ಎದುರಿಗೆ ಕೂರಿಸಿಕೊಂಡು, ಮುಖ ನೋಡಿ, ಇರುವುದನ್ನು ಇರುವ ಹಾಗೆ ಅವಳಿಗೇ ಹೇಳಲಿ. ಮಿಕ್ಕಿದ್ದನ್ನು ನನಗೆ ಅವಳೇ ಹೇಳುತ್ತಾಳೆ.

ಇಂತಿ,
ಬೆಂಚಿನ ಮೇಲೆ ಕೂತೇ ಇದ್ದ,
ಆ ಮನೆಯ ದೊಡ್ಡವರಲ್ಲೊಬ್ಬಳು