ತಿಳಿಯಾದ ನೀರು

ಅಕ್ಟೋಬರ್ ೯, ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನ ಎರಡು ಪತ್ರಗಳೂ ಕೈಸೇರಿ ತಿಂಗಳಾಯಿತು. ಬೈದುಕೋ, ಆದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಆಸ್ಪತ್ರೆಯಲ್ಲಿ ಅಷ್ಟು ರೋಗಿಗಳನ್ನು ನೋಡಿಕೊಂಡೂ ನೀನು ಬರೆಯುವಾಗ, ನನಗೆ ಬಿಡುವಿಲ್ಲ ಎಂದರೆ ಯಾರು ನಂಬುತ್ತಾರೆ? ನನ್ನ ಮೊಣಕಾಲು ಪರವಾಗಿಲ್ಲ. ದಿನಕ್ಕೆ ನಾಲ್ಕು ಮನೆಯ ಉಪ್ಪುನೀರಿನ ಮೀನಿನ ತೊಟ್ಟಿ ನೋಡಿಕೊಳ್ಳುತ್ತೇನೆ. ನನ್ನ ಕೈ ತಾಗಿದರೆ ಅಡುಗೆಗೆ ಬೇರೆ ಉಪ್ಪೇ ಬೇಡ ಎಂದು ನಿನ್ನ ಭಾವ ನಗುತ್ತಾರೆ.

ಕನ್ನಡಕದ ಅಂಗಡಿಯವರ ಮನೆಯ ವಿಷಯ ನಿನಗೆ ಹೇಳಲೇಬೇಕು. ಅವರ ನಡುಮನೆಯಲ್ಲಿ ಗೋಡೆಯುದ್ದಕ್ಕೂ ಸಮುದ್ರದ ನೀರಿನ ತೊಟ್ಟಿ, ಒಳಗೆ ಹವಳ, ಎಂಟು ಮೀನು. ತೊಟ್ಟಿ ಅವರ ತಂದೆಯದು. ಹಡಗಿನ ಎಂಜಿನ್ ರಿಪೇರಿ ಮಾಡಿಕೊಂಡಿದ್ದ ತಾತ ಈಚೆಗೆ ಗಾಲಿಕುರ್ಚಿ ಹಿಡಿದಿದ್ದರು. ನನ್ನನ್ನು 'ನೀರಮ್ಮ' ಎಂದೇ ಕರೆಯುತ್ತಿದ್ದರು. ಮಗ ಮೆದು ಮಾತಿನವರು. ತಂದೆಯ ಸೂಪನ್ನು ತಾವೇ ಮಾಡಿ, ಬಟ್ಟಲಿಗೆ ಹಾಕಿ ಕೈಗೆ ಕೊಟ್ಟು ಅಂಗಡಿಗೆ ಹೋಗುತ್ತಿದ್ದರು. ಬೇರೆ ಯಾರನ್ನೂ ಅಡುಗೆಮನೆಗೆ ಬಿಡುತ್ತಿರಲಿಲ್ಲ.

ಜುಲೈಯಲ್ಲಿ ಆ ನೀರು ಕೆಡತೊಡಗಿತು. ತೊಟ್ಟಿಯಲ್ಲಿ ಏನೇ ಕೊಳೆತರೂ ಅದು ನೈಟ್ರೇಟ್, ಫಾಸ್ಫೇಟ್ ಆಗಿ ನೀರಿನಲ್ಲಿ ಉಳಿಯುತ್ತದೆ. ಅದನ್ನು ಹದದಲ್ಲಿಡುವುದೇ ನನ್ನ ಕಸುಬು. ಐದರ ಆಸುಪಾಸಿನಲ್ಲಿದ್ದ ನೈಟ್ರೇಟ್ ಇಪ್ಪತ್ತಾಯಿತು, ನಲವತ್ತಾಯಿತು, ಎಂಬತ್ತು ಮುಟ್ಟಿತು. ಕಾಲುಭಾಗ ನೀರು ಬದಲಿಸಿದೆ, ಮೀನಿನ ಮೇವು ಅರ್ಧಕ್ಕಿಳಿಸಿದೆ. ಗಾಜಿಗೆಲ್ಲ ಕಂದು ಪಾಚಿ, ಹವಳದ ತುದಿ ಬೆಳ್ಳಗೆ. ನೊರೆ ಎಬ್ಬಿಸಿ ಕೊಳೆ ಎತ್ತುವ ಸ್ಕಿಮ್ಮರ್ ನೊರೆ ಕಟ್ಟುವುದನ್ನೇ ನಿಲ್ಲಿಸಿತು. ಜಿಡ್ಡು ಸೇರಿದರೆ ಹಾಗಾಗುತ್ತದೆ. ಮೀನಿನ ತೊಟ್ಟಿಗೆ ಜಿಡ್ಡು ಎಲ್ಲಿಂದ ಬರಬೇಕು?

ತೊಟ್ಟಿಯ ಕೆಳಗಿನ ಬೀರುವಿನಲ್ಲಿದ್ದ ಸೋಸುಚೀಲ ಮಗುಚಿ ನೋಡಿದೆ. ಬೆಂದ ಕ್ಯಾರೆಟ್ ಚೂರುಗಳು. ತಲೆಯೆತ್ತಿದರೆ ತಾತ ನನ್ನನ್ನೇ ನೋಡುತ್ತಿದ್ದರು.

"ತಾತ, ಸೂಪು ಇದಕ್ಕೆ ಸುರೀತಿದ್ದೀರಾ?"

"ಹ್ಞೂಂ. ಕುಡಿದ ದಿನ ಕಾಲು ಜೋಮು ಹಿಡಿಯುತ್ತೆ, ನಾಲಿಗೆ ಹೊರಳಲ್ಲ. ಸುರಿದ ದಿನ ಚೆನ್ನಾಗಿರ್ತೀನಿ." ಎಂಜಿನ್ನಿನ ದೋಷ ಹೇಳುವವರ ಹಾಗೆ, ಸಿಟ್ಟಿಲ್ಲದೆ ಹೇಳಿದರು. "ಬಿಸ್ಕತ್ತಲ್ಲೇ ಬದುಕಿದೀನಿ, ನೀರಮ್ಮ."

ಆ ವಾರ ಎರಡು ಮೀನು ಸತ್ತಿದ್ದವು. ಅದರಿಂದ ಏನೂ ಸಾಬೀತಾಗುವುದಿಲ್ಲ. ಅಷ್ಟು ಕೊಳೆತ ನೀರಿನಲ್ಲಿ ಯಾವ ಮೀನಾದರೂ ಸಾಯುತ್ತದೆ. ವಯಸ್ಸಾದವರಿಗೆ ಇಂಥ ಸಂಶಯ ಹತ್ತುವುದೂ ಉಂಟು, ನೀನೇ ಎಷ್ಟೋ ಸಲ ಬರೆದಿದ್ದೀಯ.

ಮರುದಿನ ನೀರು ಬದಲಿಸಲು ಹೋದಾಗ ಮಗನಿಗೆ ಹೇಳಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಹೇಳಿದ್ದು ಒಳ್ಳೇದಾಯ್ತು. ಇನ್ಮೇಲೆ ಪಕ್ಕದಲ್ಲೇ ಕೂತು ನಾನೇ ಕುಡಿಸ್ತೀನಿ," ಎಂದರು.

ಮುಂದಿನ ವಾರ ತೊಟ್ಟಿಗೆ ಮುಚ್ಚಳ ಬಿದ್ದಿತ್ತು. ಗಾಲಿಕುರ್ಚಿ ನಡುಮನೆಯಲ್ಲಿರಲಿಲ್ಲ. ಒಳಕೋಣೆಯ ಬಾಗಿಲು ಹಾಕಿತ್ತು.

"ಮಲಗಿದಾರೆ," ಎಂದರು ಮಗ.

ನೀರು ಸುಧಾರಿಸಿತು, ಪುಟ್ಟಿ. ಅರವತ್ತು, ಮೂವತ್ತು, ಹತ್ತು. ಸ್ಕಿಮ್ಮರ್ ಮತ್ತೆ ನೊರೆ ಕಟ್ಟಿತು, ಹವಳ ಅರಳಿತು. ಪರೀಕ್ಷೆಯ ಕೊಳವೆಯಲ್ಲಿ ಬಣ್ಣ ತಿಳಿಯಾದಾಗೆಲ್ಲ ಇನ್ನೊಮ್ಮೆ ಅಳೆದು ನೋಡುತ್ತಿದ್ದೆ. ನೀರು ತಿಳಿಯಾಗಿದೆ ಎಂದರೆ ಬಟ್ಟಲು ಪೂರ್ತಿ ತಾತನ ಹೊಟ್ಟೆಗೇ ಹೋಗುತ್ತಿದೆ. ಒಂದು ದಿನ ಮಗ ಫೋನಿನಲ್ಲಿದ್ದಾಗ ಒಳಕೋಣೆಯ ಬಾಗಿಲು ತಟ್ಟಿದೆ. ತಾತ ಏನೋ ಅಂದರು. ತೊದಲು, ಒಂದಕ್ಷರವೂ ತಿಳಿಯಲಿಲ್ಲ.

ಹೋದ ಮಂಗಳವಾರ ತೀರಿಕೊಂಡರು. ಎಂಬತ್ತೊಂದು ವರ್ಷ, ಹೃದಯ ನಿಂತಿತು ಎಂದು ಡಾಕ್ಟರು ಬರೆದುಕೊಟ್ಟರಂತೆ. ಅವತ್ತೇ ದಹನವೂ ಮುಗಿಯಿತು. "ತೊಟ್ಟಿ ನೀವೇ ತಗೊಂಡ್ಹೋಗಿ, ಅಪ್ಪಂಗೆ ನಿಮ್ಮನ್ನ ಕಂಡ್ರೆ ಪ್ರೀತಿ," ಎಂದು ಮಗ ಫೋನಿನಲ್ಲಿ ಅತ್ತರು. ಅಳು ನಿಜದ್ದೇ ಅನ್ನಿಸಿತು. ನನಗೆ ಹೆಚ್ಚು ಭಯವಾದದ್ದು ಅದಕ್ಕೇ. ನೀನು ನರ್ಸು, ನೀನು ಹೇಳು: ಇದು ಬರೀ ಮುಪ್ಪೇ? ಯಾರ ಹತ್ತಿರ ಹೋಗಿ ಏನೆಂದು ಹೇಳಲಿ? ನನ್ನ ಕೈಯಲ್ಲಿರುವುದು ನೀರಿನ ಅಂಕಿಗಳು ಮಾತ್ರ.

ಮಕ್ಕಳಿಗೆ ನನ್ನ ಮುತ್ತು. ಪಾಳಿ ಎಷ್ಟೇ ಇರಲಿ, ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ಸುಖವಾಗಿ ಬಾಳು.

ನಿನ್ನ
ಅಕ್ಕ

ತಾ.ಕ.: ಒಂದು ಮಾತು ಮೇಲೆ ಬರೆಯಲಾಗಲಿಲ್ಲ. ಕ್ಯಾರೆಟ್ ಚೂರು ಸಿಕ್ಕ ದಿನ ತಾತ ನನ್ನ ಮಣಿಕಟ್ಟು ಹಿಡಿದು, "ಅವನಿಗೆ ಹೇಳಬೇಡ," ಎಂದರು. ಹೇಳಲ್ಲ ಎಂದು ಮಾತು ಕೊಟ್ಟೆ. ಹೇಳುತ್ತಲೂ ಇರಲಿಲ್ಲ. ಮರುದಿನ ಮಗ ತೊಟ್ಟಿಯ ಮುಂದೆ ನಿಂತು, "ಈ ಕೆಲಸ ನಿಮಗೆ ಬರುತ್ತೆ ತಾನೇ?" ಎಂದು ನಕ್ಕರು. ಇಪ್ಪತ್ತೆರಡು ವರ್ಷದ ಕಸುಬು, ಪುಟ್ಟಿ. ಅಷ್ಟಕ್ಕೇ ಬಾಯಿಬಿಟ್ಟೆ.