ಹಲಗೆ ಸಾಲದ ಪದ

ಮನೆಯಿಂದ, ಗುರುವಾರ, ಸಂಜೆ ಆರು ಗಂಟೆ

ಪ್ರೀತಿಯ ಮಗಳೇ,

ಕೆಮ್ಮು ಹೇಗಿದೆ? ಬಿಸಿನೀರು ಕುಡಿ ಎಂದರೆ ಅಲ್ಲಿಂದಲೇ ಮುಖ ಸಿಂಡರಿಸುತ್ತೀಯೆಂದು ಗೊತ್ತು, ಆದರೂ ಕುಡಿ. ನಾನು ಚೆನ್ನಾಗಿದ್ದೇನೆ. ಇವತ್ತು ದಿನವಿಡೀ ಹಜಾರದ ತುಂಬ ಮರದ ಹೊಟ್ಟು. ಗುಡಿಸಿ ಈಗಷ್ಟೇ ಕುಳಿತೆ. ನಿಮ್ಮಪ್ಪ ಹೋದಮೇಲೆ ಆ ವಾಸನೆ ಮನೆಗೆ ಬಂದದ್ದು ಇದೇ ಮೊದಲು. ಒಂದು ಹಿಡಿ ಹೊಟ್ಟನ್ನು ಎಸೆಯದೆ ಡಬ್ಬಿಗೆ ತುಂಬಿಟ್ಟಿದ್ದೇನೆ.

ಗ್ರಂಥಾಲಯದ ಓದುವ ಕೋಣೆಗೆ ಅಪ್ಪನ ಹೆಸರಿಡುತ್ತಾರೆಂದು ಹೇಳಿದ್ದೆನಲ್ಲ. ಅಲ್ಲಿನ ಮೇಜುಗಳನ್ನು ಮಾಡಿದವರು ಅವರೇ ತಾನೇ. ಬೋರ್ಡು ನಿನ್ನ ಚಿಕ್ಕಪ್ಪನ ಕೊಡುಗೆ. ಹೆಸರಿನ ಕೆಳಗೆ 'ಮರಗೆಲಸದ ಮೇಷ್ಟ್ರು, ಕಾಲೇಜು' ಎಂದು ಕೆತ್ತಿಸಲು ತಾವೇ ತೀರ್ಮಾನಿಸಿ, ಅದೇ ಅಳತೆಗೆ ಹಲಗೆ ಕೊಯ್ಯಿಸಿ ತಂದರು. ಅವರು ಕಲಿಸಿದ್ದು ಪಾಲಿಟೆಕ್ನಿಕ್‌ನಲ್ಲಿ, ಹಾಗೆಂದೇ ಇರಲಿ ಎಂದೆ. "ಅತ್ತಿಗೆ, ಅದು ಕಾಲೇಜಲ್ಲಿ ಸೀಟು ಸಿಗದವರು ಹೋಗೋ ಜಾಗ ಅಂತಾರೆ ಜನ. ಅಣ್ಣನ ಮರ್ಯಾದೆ ನೋಡಿ" ಎಂದರು.

ಮದುವೆಯಾದ ಹೊಸದರಲ್ಲಿ ನಾನೂ ಹಾಗೇ ತಿಳಿದಿದ್ದೆ. ಅಪ್ಪ ಬೇಸರಪಡದೆ, "ಪಾಲಿ ಅಂದ್ರೆ ಬಹಳ, ಟೆಕ್ನಿಕ್ ಅಂದ್ರೆ ಕಸುಬು. ಒಂದೇ ಸೂರಿನಡಿ ಹತ್ತಾರು ಕಸುಬು ಕಣೇ. ನಮ್ಮಲ್ಲಿ ಓದಿ ಬರೆದರೆ ಸಾಲದು, ಮಾಡಿಯೂ ತೋರಿಸ್ಬೇಕು" ಎಂದಿದ್ದರು. ಯಾರಾದರೂ "ಕಾಲೇಜು ಮೇಷ್ಟ್ರೇ" ಎಂದು ಕರೆದರೆ ತಿದ್ದದೆ ಬಿಟ್ಟವರಲ್ಲ, ನಿನಗೂ ನೆನಪಿರಬೇಕು.

ಆ ಪದ ಇಲ್ಲದಿದ್ದರೆ ಬೋರ್ಡೇ ಬೇಡ ಎಂದುಬಿಟ್ಟೆ. ನನ್ನ ಬಾಯಲ್ಲಿ ಇಷ್ಟು ಗಟ್ಟಿ ಮಾತು ಕೇಳಿ ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಅವರೇನೋ ಒಪ್ಪಿದರು, ಹಲಗೆ ಒಪ್ಪಬೇಕಲ್ಲ. ಕಾಲೇಜು ಎಂಬ ಮೂರಕ್ಷರದ ಅಳತೆಗೆ ಕೊಯ್ದದ್ದರಲ್ಲಿ ಪಾಲಿಟೆಕ್ನಿಕ್ ಎಲ್ಲಿ ಹಿಡಿಸಬೇಕು? ಅಕ್ಷರ ಸಣ್ಣದಾದರೆ ಬಾಗಿಲ ಮೇಲಿಟ್ಟಾಗ ಯಾರಿಗೂ ಕಾಣದು. "ನೋಡಿ, ಮರವೇ ಬೇಡ ಅಂತಿದೆ" ಎಂದು ನಕ್ಕರು.

ಇವತ್ತು ಅಪ್ಪನ ಹಳೆಯ ಶಿಷ್ಯರಿಬ್ಬರು ಬಂದರು. ಒಬ್ಬರಿಗೆ ಆಗಲೇ ತಲೆ ನರೆತಿದೆ. ಹಲಗೆಯ ತುದಿಯಲ್ಲಿ ಪಾರಿವಾಳದ ಬಾಲದಂತೆ ಅಗಲವಾಗುವ ಹಲ್ಲುಗಳನ್ನು ಕೊರೆದು, ಅದೇ ಜಾತಿಯ ಇನ್ನೊಂದು ತುಂಡನ್ನು ಅದಕ್ಕೆ ಕೂಡಿಸಿದರು. ಒಂದು ಮೊಳೆಯಿಲ್ಲ. "ಮೇಷ್ಟ್ರು ಇದನ್ನ ಎಷ್ಟು ಸಲ ಕೀಳಿಸಿ ಮಾಡಿಸಿದ್ರೋ" ಎಂದು ನರೆತ ತಲೆಯವರು ಗೊಣಗಿದರು. ಉಜ್ಜಿ ನುಣುಪು ಮಾಡಿದ ಮೇಲೆ ಚಿಕ್ಕಪ್ಪ ಕೂಡಿಸಿದ ಜಾಗದ ಮೇಲೆ ಉಗುರು ಎಳೆದು ನೋಡಿದರು, ಎಲ್ಲೂ ತಡೆಯಲಿಲ್ಲ. "ಇದನ್ನೂ ಅಲ್ಲೇ ಕಲಿಸ್ತಾರಾ?" ಎಂದರು.

"ಇನ್ನೆಲ್ಲಿ ಸ್ವಾಮಿ?" ಎಂದ ನರೆತ ತಲೆಯವರು ಉಳಿ ತೆಗೆದು ಅಕ್ಷರ ಕೆತ್ತಲು ಕುಳಿತರು.

ಪದ ಪೂರ್ತಿ ಕೂತಿದೆ, ಮಗಳೇ. ಕೊನೆಯ ಎರಡಕ್ಷರ ಆ ಹೊಸ ತುಂಡಿನ ಮೇಲೇ ಇವೆ. ತಣ್ಣೀರು ಮುಟ್ಟಬೇಡ. ನೂರು ಕಾಲ ಸುಖವಾಗಿರು.

ನಿನ್ನ ಅಮ್ಮ

ಹೇಳಲು ಮರೆತೆ: ನಾಳೆ ಬೆಳಗ್ಗೆ ಬೋರ್ಡು ಏರಿಸುತ್ತಾರೆ. ಏಣಿ ಹಿಡಿಯುವುದು ನಿನ್ನ ಚಿಕ್ಕಪ್ಪ.