ಮುಂದಿನ ತೊಟ್ಟಿಯ ನೀರು

ಮಾರ್ಚ್ 4, ಬೆಳಗ್ಗೆ

ಚರಿತ್ರೆ ಗಮನಿಸತಕ್ಕದ್ದು. ಇಂದಿನಿಂದ ನನ್ನ ಊಟದ ಡಬ್ಬಿಗೆ ಹೊಸ ಮುಚ್ಚಳ! ಹಿತ್ತಾಳೆಯದು. ಇವಳ ಅಪ್ಪಣೆಯೂ ಆಗಿದೆ— "ಡಬ್ಬಿ ಜೊತೆ ಮುಚ್ಚಳಾನೂ ಮನೆಗೆ ಬರಬೇಕು. ಇಲ್ಲಾಂದ್ರೆ ನೀವೂ ಬರಬೇಡಿ."

ಇನ್ನೊಂದು ಸಣ್ಣ ವಿಷಯ. ಇವತ್ತು ದೊಡ್ಡ ಎಂಜಿನ್ ಓಡಿಸುವ ಪರೀಕ್ಷೆ. ಫೇಲಾದರೆ ಯಾರ್ಡಿನಲ್ಲಿ ವ್ಯಾಗನ್ ನೂಕುತ್ತಲೇ ರಿಟೈರು.

ಅದೇ ದಿನ, ಸಂಜೆ

ಗುಡ್ಡದ ಅರ್ಧದಲ್ಲಿ ನಿಂತೆವು.

ದೊಡ್ಡದು ಅಂದರೆ ನಡುವೆ ಒಂದೇ ಬಾಯ್ಲರ್, ಅದರ ಹಿಂದೊಂದು ಮುಂದೊಂದು ಎಂಜಿನ್. ತಿರುವು ಬಂದರೆ ಎರಡೂ ತಮಗೆ ಬೇಕಾದ ಹಾಗೆ ಸೊಂಟ ತಿರುಗಿಸುತ್ತವೆ. ನನ್ನ ಕೈಗೆ ಮಾತ್ರ ಒಂದೇ ರೆಗ್ಯುಲೇಟರ್. ಹಬೆ ಕೊಟ್ಟರೆ ಎರಡಕ್ಕೂ, ಕಿತ್ತುಕೊಂಡರೆ ಎರಡಕ್ಕೂ.

ಕೆಳಗಿನ ಸ್ಟೇಷನ್ನಿನಲ್ಲಿ ನೀರು ಹಿಡಿಯಲಿಲ್ಲ. ಬಾಯ್ಲರಿಗೆ ಸಾಕಷ್ಟಿತ್ತು. ಬೇಗ ಗುಡ್ಡ ಹತ್ತಿ ಇನ್‌ಸ್ಪೆಕ್ಟರ್ ಸಾಹೇಬರನ್ನು ದಂಗುಬಡಿಸುವ ಉದ್ದೇಶ. ಅಂಗೈಯಲ್ಲಿ ಸದಾ ವಾಚು ಹಿಡಿದಿರುವ ಅವರಿಗೆ ನಾವಿಟ್ಟ ಹೆಸರು ವಾಚು ಸಾಹೇಬರು.

ಏರಿನಲ್ಲಿ ಮುಂದಿನ ಚಕ್ರಗಳು ನಿಂತಲ್ಲೇ ಗರಗರ. ಕ್ಯಾಬಿನಿಂದ ಕಾಣುವುದಿಲ್ಲ, ಕೇಳಬೇಕು— ಚಿಮಣಿಗೆ ಹುಚ್ಚು ಹಿಡಿದ ಸದ್ದು. ರೆಗ್ಯುಲೇಟರ್ ಇಳಿಸಿದೆ, ನೆಟ್ಟಗಿದ್ದ ಹಿಂದಿನದೂ ಸೊರಗಿತು. ಏರಿಸಿದೆ, ಮತ್ತೆ ಗರಗರ. ಚಕ್ರ ಜಾರದಂತೆ ಹಳಿಗೆ ಮರಳು ಉದುರಿಸುವ ಪೈಪು ಕಟ್ಟಿಕೊಂಡಿತ್ತು. ನನ್ನ ಫೈರ್‌ಮನ್, ಅಂದರೆ ಒಲೆಗೆ ಕಲ್ಲಿದ್ದಲು ಹಾಕುವ ಇವಳ ತಮ್ಮ, ಕೈಗೆ ಸಿಕ್ಕಿದ್ದರಲ್ಲಿ ಮರಳು ತುಂಬಿಕೊಂಡು ಹಳಿಗೆ ಸುರಿಯಲು ಇಳಿದ. ಏನು ಸಿಕ್ಕಿತು, ಅದು ಎಲ್ಲಿ ಜಾರಿ ಬಿತ್ತು ಎಂದು ಇಲ್ಲಿ ಬರೆಯುವುದಿಲ್ಲ. ಇದನ್ನು ಯಾರೂ ಓದುವುದಿಲ್ಲ, ನಿಜ. ಆದರೂ ನಿನ್ನೆಯ ಪುಟದ ಮೇಲೆ ಹಿಟ್ಟಿನ ಬೆರಳಚ್ಚಿದೆ...

ಹತ್ತಲಿಲ್ಲ. ಹಿಂದಕ್ಕೇ ಇಳಿದೆವು.

"ನೀರು ಯಾಕ್ರೀ ಹಿಡೀಲಿಲ್ಲ?" ಪಕ್ಕದಲ್ಲೇ ಇದ್ದ ವಾಚು ಸಾಹೇಬರ ಪ್ರಶ್ನೆ.

"ಬೇಕಾದಷ್ಟಿತ್ತು ಸಾರ್."

"ಬಾಯ್ಲರಿಗಿತ್ತು. ಚಕ್ರಕ್ಕೆ? ಮುಂದಿನ ತೊಟ್ಟಿ ಕೂತಿರೋದೇ ಆ ಚಕ್ರಗಳ ಮೇಲೆ. ತೊಟ್ಟಿ ಖಾಲಿಯಾದ್ರೆ ಹಳಿ ಕಚ್ಚೋ ತೂಕ ನಿಮ್ಮ ಮಾವನ ಮನೆಯಿಂದ ಬರುತ್ತಾ?"

ಮಾವನ ಮನೆಯಿಂದ ಬಂದವನು ತಲೆ ತಗ್ಗಿಸಿ ಕಲ್ಲಿದ್ದಲು ಎಳೆಯುತ್ತಿದ್ದ. ಇನ್ನೊಂದೇ ಅವಕಾಶವಂತೆ.

ಮಾರ್ಚ್ 5

"ಮುಚ್ಚಳ ಎಲ್ಲಿ?"

"ಶೆಡ್ಡಿನಲ್ಲಿ."

ಮಾರ್ಚ್ 11, ಸಂಜೆ

ಮತ್ತೆ ಪರೀಕ್ಷೆ. ಮತ್ತೆ ಅದೇ ಕೆಳಗಿನ ಸ್ಟೇಷನ್ನು. ವಾಚು ಸಾಹೇಬರು ಗೊಣಗಿದರು— "ಆಗಲೇ ತಡ ಆಗಿದೆ. ಬಿಡ್ರೀ ನೀರು, ಹೊರಡಿ." ಮುಖದಲ್ಲಿ ಏನೂ ಇಲ್ಲ. ಹೇಳುತ್ತಿದ್ದಾರೋ, ಕೆಣಕುತ್ತಿದ್ದಾರೋ?

ಭಾಮೈದ ನನ್ನನ್ನೇ ನೋಡಿದ. "ಭಾವ?"

"ತುಂಬಿಸೋ. ಉಕ್ಕೋವರೆಗೂ ತುಂಬಿಸು."

ಏರಿನಲ್ಲಿ ಎರಡರ ಉಸಿರೂ ಒಮ್ಮೆ ಜೊತೆಯಾಗಿ, ಒಮ್ಮೆ ಹಿಂದೆಮುಂದೆ. ಅದು ಸರಿಯೇ, ದೊಡ್ಡದರ ಸ್ವಭಾವವೇ ಹಾಗೆ. ಒಂದು ಕಡೆ ಮುಂದಿನದು ಗರ್ ಎಂದಿತು. ಎಳೆಯಷ್ಟು ಇಳಿಸಿ, ತಡೆದು, ಏರಿಸಿದೆ. ಕಚ್ಚಿಕೊಂಡಿತು. ತುದಿ ಮುಟ್ಟಿದಾಗ ತಡವೋ ತಡ. ಸಾಹೇಬರು ವಾಚನ್ನು ಜೇಬಿಗಿಳಿಸಿದರು! ಕಂಡವರಿಲ್ಲ, ಕೇಳಿದವರಿಲ್ಲ.

"ನಾಳೆಯಿಂದ ದೊಡ್ಡದು ನಿಮ್ಮದು. ಯಾರು ಏನೇ ಅಂದ್ರೂ ನೀರು ಬಿಡಬೇಡಿ. ನಾನಂದ್ರೂನೂ."

ವಾಪಸು ಬರುವಾಗ ಭಾಮೈದ ಅಂದು ನಿಂತಿದ್ದ ಜಾಗದಲ್ಲಿ ಇಳಿದು ಹಳಿಯ ಪಕ್ಕದಿಂದ ಏನೋ ಹೆಕ್ಕಿಕೊಂಡ. ಹಿತ್ತಾಳೆಯದು. ಚಕ್ರದಡಿ ಸಿಕ್ಕಿ ಹೊಸದಾಗಿ ತಟ್ಟೆಯಾಗಿದೆ.

ಈ ಪುಸ್ತಕ ಓದದೇ ಇರುವವಳಲ್ಲಿ ಒಂದು ಸಣ್ಣ ಬಿನ್ನಹ. ಬೆಳಗ್ಗೆ ಐದಕ್ಕೇ ಡ್ಯೂಟಿ. ಡಬ್ಬಿಯ ಬಾಯಿಗೆ ಬಟ್ಟೆ ಬಿಗಿದು ಕಟ್ಟಿಡು. ನಿನ್ನ ತಮ್ಮ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಾನೆ, ದಯವಿಟ್ಟು ಅವನನ್ನು ಏನೂ—